ಕಡತ ಇದ್ದಲ್ಲಿ ರಾಜಧಾನಿ

ಹೊಸ ಊರು ಕಟ್ಟಿ ರಾಜಧಾನಿಯನ್ನು ಅಲ್ಲಿಗೆ ಒಯ್ಯುವ ಮಾತು ಬಂದರೆ, 1960ರಲ್ಲಿ ಬ್ರೆಜಿಲ್ ದೇಶ ಬಯಲಿನಲ್ಲಿ ಎಬ್ಬಿಸಿದ ಬ್ರೆಸಿಲಿಯಾದ ಹೆಸರು ಹೇಳುತ್ತೇವೆ. ಅಷ್ಟು ದೂರ ಹೋಗಬೇಕಾಗಿಲ್ಲ. ಯಲಹಂಕದಲ್ಲಿದ್ದ ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಹಾಕಿ, ಪೇಟೆ ಎಬ್ಬಿಸಿ, ಕೆರೆ ಕಟ್ಟಿಸಿ ಬೆಂಗಳೂರಿಗೆ ಬಂದರು. ಅದಕ್ಕೂ ಮೊದಲೇ, 1479ರಲ್ಲಿ, ಆವತಿ ವಂಶದವರು ನಮ್ಮ ಚಿಕ್ಕಬಳ್ಳಾಪುರದ ಕೋಟೆಗೆ ಕಲ್ಲಿಟ್ಟಿದ್ದರು. ಬೇಟೆನಾಯಿಗಳಿಗೆ ಮೊಲ ತಿರುಗಿಬಿದ್ದ ಜಾಗ ಇದು ಎನ್ನುತ್ತಾರೆ. ಹಂಪಿಗೂ ಇದೇ ಕಥೆ. ಪಾಪ, ಆ ಮೊಲ ಎಷ್ಟು ಊರುಗಳಿಗಾಗಿ ಎದೆ ಕೊಟ್ಟಿತೋ!

ಇವರೆಲ್ಲ ಬೇಕೆಂದು ಹೋದವರು. ವಿಧಿಯಿಲ್ಲದೆ ಹೋದವರೂ ಇದ್ದಾರೆ. 1565ರ ಯುದ್ಧ ಸೋತ ಮೇಲೆ ತಿರುಮಲರಾಯ ವಿಜಯನಗರದ ಭಂಡಾರವನ್ನು ಆನೆಗಳ ಮೇಲೆ ಹೇರಿಸಿಕೊಂಡು ಹೊರಟು, ಪೆನುಕೊಂಡದಲ್ಲಿ ನೆಲೆಯೂರಿದ. ಗೌರಿಬಿದನೂರಿನವರಿಗೆ ಅದು ಹಿಂದೂಪುರದಿಂದ ಆಚೆಗಿನ ಊರು. ಮುಂದೆ ರಾಜಧಾನಿ ಅಲ್ಲಿಂದ ಚಂದ್ರಗಿರಿಗೆ, ಕಡೆಗೆ ವೆಲ್ಲೂರಿಗೆ ಹೋಯಿತು.

ಮೈಸೂರಿನದು ಇನ್ನೊಂದು ಬಗೆ. 1610ರಿಂದ ಶ್ರೀರಂಗಪಟ್ಟಣದಲ್ಲಿದ್ದ ಗದ್ದುಗೆ, 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರಿಗೆ ಮರಳಿತು. ಆದರೆ ಹಳೆಯ ಅರಮನೆಯನ್ನು ಟಿಪ್ಪು ಕೆಡವಿಸಿದ್ದ. ಜೂನ್ 30ರಂದು, ಇನ್ನೂ ಐದು ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದ್ದು ಚಪ್ಪರದ ಕೆಳಗೆ!

1831ರಲ್ಲಿ ಬ್ರಿಟಿಷರು ಆಡಳಿತ ಕಸಿದುಕೊಂಡರು. ಅವರ ಕಮಿಷನರ್ ಬೆಂಗಳೂರಿನಲ್ಲಿ ಕೂತ. ಟಿಪ್ಪುವಿನ ಬೇಸಿಗೆ ಅರಮನೆಯ ಮರದ ಕಂಬಗಳ ನಡುವೆ ಸರ್ಕಾರಿ ಕಚೇರಿ ನಡೆಯಿತು. 1868ರಲ್ಲಿ ಕಡತಗಳೆಲ್ಲ ಅಠಾರ ಕಚೇರಿಗೆ ಹೋದವು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು, ಕಡತ ಮರಳಲಿಲ್ಲ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗಲೂ ಮಹಾರಾಜರ ಅರಮನೆ ಮೈಸೂರಲ್ಲಿ, ಸರ್ಕಾರದ ಕಚೇರಿ ಬೆಂಗಳೂರಲ್ಲಿ. ದಸರಾ ಅಲ್ಲಿ, ದಸ್ತಾವೇಜು ಇಲ್ಲಿ. ಜನ ಅರ್ಜಿ ಹಿಡಿದು ಹೋದದ್ದು ದಸ್ತಾವೇಜು ಇದ್ದ ಕಡೆಗೇ.

ನಮ್ಮ ಭಾಗಕ್ಕೆ ಆ ಅನುಭವ ತೀರಾ ಈಚಿನದು. ಜಮೀನಿನ ತಕರಾರು ಡಿ.ಸಿ. ಕಚೇರಿಯವರೆಗೆ ಹೋಯಿತೆಂದರೆ ಗೌರಿಬಿದನೂರಿನ ರೈತ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಲ್ಲ ದಾಟಿ ಕೋಲಾರ ಮುಟ್ಟಬೇಕಿತ್ತು. ಸಾಹೇಬರು ಮೀಟಿಂಗಿನಲ್ಲಿದ್ದರೆ ಆ ದಿನ ಹಾಳು. 2007ರ ಆಗಸ್ಟಿನಲ್ಲಿ ಕೋಲಾರ ಒಡೆದು, ಆರು ತಾಲ್ಲೂಕುಗಳೊಂದಿಗೆ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಶಿಡ್ಲಘಟ್ಟ ರಸ್ತೆಯಲ್ಲಿ ಜಿಲ್ಲಾಡಳಿತ ಭವನ ಎದ್ದಿತು. ಗೌರಿಬಿದನೂರಿನವರಿಗೆ ಇದು ನಿಜವಾದ ಲಾಭ. ಚಿಂತಾಮಣಿಯವರಿಗೆ ಕೋಲಾರವೂ ಹೆಚ್ಚುಕಡಿಮೆ ಅಷ್ಟೇ ದೂರ, ಚಿಕ್ಕಬಳ್ಳಾಪುರವೂ ಅಷ್ಟೇ ದೂರ. ಅವರ ಪಾಲಿಗೆ ಬದಲಾದದ್ದು ಬಸ್ಸಿನ ಬೋರ್ಡು ಮಾತ್ರ.