ಗಾಳಿಗೆ ಸಂದು ಬಿಡಿ

ಆಷಾಢ ಹತ್ತಿರವಾದರೆ ಸಾಕು, ಹಿರಿಯೂರು, ಹೊಸದುರ್ಗದ ಕಡೆಯಿಂದ ಬರುವ ಪ್ರಶ್ನೆ ಒಂದೇ. ಬಾಳೆಯೆಲೆ ಚಿಂದಿಯಾಗುತ್ತೆ, ಪಪ್ಪಾಯಿ ಮಗುಚಿ ಬೀಳುತ್ತೆ, ದಾಳಿಂಬೆ ಕಾಯಿ ಮುಳ್ಳಿಗೆ ಉಜ್ಜಿ ಕಲೆ ಬೀಳುತ್ತೆ. ತೋಟದ ಸುತ್ತ ತಗಡಿನ ಶೀಟು ನಿಲ್ಲಿಸಿಬಿಡೋಣವೇ?

ದಯವಿಟ್ಟು ಬೇಡ. ಬೀಸಿ ಬಂದ ಗಾಳಿ ಎತ್ತಲಾದರೂ ಹೋಗಲೇಬೇಕಲ್ಲ? ಶೀಟಿಗೆ ಬಡಿದದ್ದು ಮೇಲೇರುತ್ತದೆ, ನೆತ್ತಿ ದಾಟುತ್ತಲೇ ಸುಳಿಯಾಗಿ ಕೆಳಗಿಳಿಯುತ್ತದೆ. ಶೀಟಿನ ಬುಡದಲ್ಲಿ ನಿಂತವರಿಗೆ ನೆಮ್ಮದಿ, ಸ್ವಲ್ಪ ಆಚೆಗಿನ ಗಿಡಕ್ಕೆ ಮೇಲಿನಿಂದ ಗುದ್ದು. ಕಾಂಪೌಂಡ್ ಕಟ್ಟಿಸಿದ ಮೇಲೆ ಅಂಗಳಕ್ಕೆ ಧೂಳು ಹೆಚ್ಚಾಯಿತು ಎನ್ನುವವರಿಗೂ ಇದೇ ಉತ್ತರ.

ಜರಡಿಯನ್ನು ಫ್ಯಾನಿನ ಮುಂದೆ ಹಿಡಿದು ನೋಡಿ. ಗಾಳಿ ನಿಲ್ಲುವುದಿಲ್ಲ, ಸೋರುತ್ತದೆ, ಆದರೆ ಬಲ ಇರುವುದಿಲ್ಲ. ಬೇಲಿಯೂ ಹಾಗೇ ಇರಬೇಕು: ಹೆಚ್ಚುಕಮ್ಮಿ ಅರ್ಧ ಎಲೆ, ಅರ್ಧ ಸಂದು. ಸಂದಿನಲ್ಲಿ ನುಸುಳಿದ ನಿಧಾನದ ಗಾಳಿ, ಮೇಲಿನದು ತಟಕ್ಕನೆ ಕುಸಿಯದಂತೆ ಎತ್ತಿ ಹಿಡಿಯುತ್ತದೆ. ವೇಗ ಅರ್ಧವಾದರೆ ಗಿಡಕ್ಕೆ ಬೀಳುವ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಪೂರ್ತಿ ತಡೆಯುವ ಹಟವೇ ಬೇಕಿಲ್ಲ. ಮರದ ಎತ್ತರ 5 ಮೀಟರ್ ಇದ್ದರೆ ಹಿಂದೆ 50 ಮೀಟರಿನವರೆಗೆ ಒಳ್ಳೆಯ ಆಸರೆ. ಮತ್ತೆ ಹೇಳುತ್ತೇನೆ, ಸಂದು ಬಿಡಿ. ಮರ ಬೆಳೆಯುವ ತನಕ ನೆಟ್ ಕಟ್ಟುವವರೂ 50 ಪರ್ಸೆಂಟಿನದ್ದನ್ನೇ ಕೇಳಿ. 90ರ ನೆಟ್ಟು ಗಟ್ಟಿ ಎಂದು ಅಂಗಡಿಯವರು ಹೇಳುತ್ತಾರೆ. ಗಟ್ಟಿಯೇ, ಕಂಬ ಸಮೇತ ಕಿತ್ತುಕೊಂಡು ಹೋಗುವಷ್ಟು.

ಇನ್ನೊಂದು ಮಾತು. ಜೋಗಿಮಟ್ಟಿಯ ಗುಡ್ಡದ ಮೇಲಿನ ಗಾಳಿ ಕರೆಂಟಿನ ಫ್ಯಾನುಗಳು ಮೋಡ ಓಡಿಸುತ್ತವೆ, ಅದಕ್ಕೇ ಮಳೆಯಿಲ್ಲ, ಗಾಳಿ ಮಾತ್ರ ಎನ್ನುವವರು ಹೊಳಲ್ಕೆರೆ ಬಸ್ಸಿನಲ್ಲಿ ನನಗೆ ಈಗಲೂ ಸಿಗುತ್ತಾರೆ. ವಾದ ಮಾಡಿ ಸಾಕಾಗಿದೆ. ಪಡುವಣ ಘಟ್ಟದಲ್ಲೇ ಮಳೆ ಸುರಿಸಿ ಒಣಗಿ ಬರುವ ಗಾಳಿ ನಮ್ಮದು. ಈ ಸೀಮೆ ಒಣ ಸೀಮೆಯಾದದ್ದು ಫ್ಯಾನು ನೆಡುವುದಕ್ಕೆ ಎಷ್ಟೋ ಕಾಲ ಮುಂಚೆ.

ಸಮಯವಾಯಿತೆಂದು ರೇಡಿಯೋ ಸ್ಟುಡಿಯೋದ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ. ಮರದ ಸಾಲು ಪಡುವಣ ಮತ್ತು ನೈಋತ್ಯದ ಬದುವಿಗೆ, ಗಾಳಿಗೆ ಅಡ್ಡಲಾಗಿ. ಸರ್ವೆ, ಸಿಲ್ವರ್ ಓಕ್ ಎತ್ತರಕ್ಕೆ ಸರಿ, ಆದರೆ ಬುಡ ಬೋಳಾಗಿ ಅಲ್ಲೇ ಗಾಳಿ ನುಗ್ಗುತ್ತದೆ. ಕೆಳಗೆ ಗ್ಲಿರಿಸಿಡಿಯಾ ಅಥವಾ ಕತ್ತಾಳೆ ಇರಲಿ. ನಮ್ಮ ಬದುವಿನ ಗ್ಲಿರಿಸಿಡಿಯಾ ಸೊಪ್ಪು ಗೊಬ್ಬರಕ್ಕೂ ಆಗುತ್ತದೆ. ಬಳ್ಳಾರಿ ಜಾಲಿ ಮಾತ್ರ ಬೇಡ, ಹೊಲವನ್ನೇ ನುಂಗುತ್ತದೆ. ಬೇರು ಬೆಳೆಗೆ ಬಾರದಂತೆ ಸಾಲಿನ ಒಳಬದಿಗೆ ಟ್ರೆಂಚ್ ತೆಗೆಯಿರಿ. ಮನೆಯಿಂದ ಕನಿಷ್ಠ ಮರದ ಎತ್ತರದಷ್ಟು ದೂರ ನೆಡಿ, ಬಿದ್ದರೂ ಸೂರಿನ ಮೇಲೆ ಬೀಳಬಾರದು. ಮೊದಲ ಎರಡು ಬೇಸಿಗೆ ನೀರು ಕೊಡಲೇಬೇಕು. ಸಸಿಗೆ ಹತ್ತಿರದ ಅರಣ್ಯ ಇಲಾಖೆ ನರ್ಸರಿಯಲ್ಲಿ, ಬೆಳೆಯ ಸಂಶಯವಿದ್ದರೆ ಬಬ್ಬೂರು ಫಾರಂನಲ್ಲಿ ವಿಚಾರಿಸಿ.