ಕ್ಯಾಮೆರಾ ಹೋದ ಮೇಲೆ

ಇವತ್ತು ಗುಡ್ ಫ್ರೈಡೇ. ರಾಜಾಜಿನಗರದಿಂದ ಕೆಂಗೇರಿವರೆಗೆ ಚರ್ಚ್‌ಗಳಲ್ಲಿ ಜನ ಶಿಲುಬೆಯ ಮುಂದೆ ಮಂಡಿಯೂರುತ್ತಾರೆ. ಕ್ರೈಸ್ತರ ನಂಬಿಕೆ ಸರಳ. ಪ್ರೀತಿ ಅಂದ್ರೆ ಬರೀ ಮಾತಲ್ಲ, ಇನ್ನೊಬ್ಬರಿಗಾಗಿ ತನ್ನನ್ನೇ ಕೊಟ್ಟುಬಿಡೋದು.

ನಾನು ವಿಜಯನಗರದವನು, ಓದಿದ್ದು ಇಂಜಿನಿಯರಿಂಗ್. ಎಲ್ಲಕ್ಕೂ ಲೆಕ್ಕ ಕೇಳೋ ಅಭ್ಯಾಸ. ಆದರೆ 1971ರ ಡಿಸೆಂಬರ್ 3ರ ರಾತ್ರಿ ಗಂಗಾಸಾಗರದಲ್ಲಿ ಲಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಮಾಡಿದ್ದು ಯಾವ ಲೆಕ್ಕಕ್ಕೆ ಸಿಗುತ್ತೆ? ಇಂದಿನ ಜಾರ್ಖಂಡ್‌ನ ಆದಿವಾಸಿ ಕ್ರೈಸ್ತ. ಮೈತುಂಬ ಗಾಯ, ಆದರೂ ಶತ್ರುವಿನ ಮಷಿನ್ ಗನ್ ಸದ್ದಡಗಿಸಿ, ಜೊತೆಗಾರರಿಗೆ ದಾರಿ ಮಾಡಿಕೊಟ್ಟು ಪ್ರಾಣ ಬಿಟ್ಟರು. ಮರಣೋತ್ತರವಾಗಿ ಪರಮವೀರ ಚಕ್ರ ಬಂತು.

ನಮ್ಮ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ. ಪೂಜಿಸುವ ದೇವರು ಬೇರೆ, ತ್ಯಾಗ ಒಂದೇ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ 6 ದಿನ ಜೀವ ಹಿಡಿದಿದ್ದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಹೋದರು. ಆವತ್ತು ಸುದ್ದಿವಾಹಿನಿಗಳವರು ನಾವು ದಿನವಿಡೀ ಅದನ್ನೇ ತೋರಿಸಿದೆವು. ಆಮೇಲೆ? ಬೇರೆ ಸುದ್ದಿ. ಆ ಮನೆಯಲ್ಲಿ ಮಾತ್ರ ಸುದ್ದಿ ಬದಲಾಗಲಿಲ್ಲ.

ಶಿಲುಬೆಯ ಸಾವನ್ನು ಎರಡು ಸಾವಿರ ವರ್ಷದಿಂದ ನೆನೆಯುವವರಿದ್ದಾರೆ. ಯೋಧನ ಸಾವನ್ನು ನಾವು ಎರಡು ವಾರವೂ ನೆನೆಯದಿದ್ದರೆ ತಪ್ಪು ಯಾರದ್ದು? ನಮ್ಮದೇ, ನನ್ನದೂ ಸೇರಿ.

ನಿಮ್ಮ ಬೀದಿಯಲ್ಲೂ ಅಂಥದ್ದೊಂದು ಮನೆ ಇರಬಹುದು. ಯಾವ ಕ್ಯಾಮೆರಾನೂ ಇಲ್ಲದ ದಿನ ಹೋಗಿ, ಆ ತಾಯಿ ಜೊತೆ ಒಂದು ಗಳಿಗೆ ಕೂತು ಬನ್ನಿ.