ಬಂಡೆಯೇ ಗುರು

ಗಣಕಯಂತ್ರದಲ್ಲಿ ಕಟ್ಟಿದ ಬಂಡೆಯ ಮಾದರಿಗೆ ಫೋಟೋ ಅಂಟಿಸಿದರೆ ಸಾಲದೇ? ಸಾಲದು, ಸ್ನೇಹಿತರೇ. ಫೋಟೋದ ಜೊತೆ ಆ ಹೊತ್ತಿನ ನೆರಳೂ ಅಂಟಿಬರುತ್ತದೆ. ಮಾದರಿಯ ಮೇಲೆ ಬೆಳಕು ಬದಲಾದರೂ ಅದು ಕದಲದು. ಆದ್ದರಿಂದಲೇ ಕಲಿಯುವವರು ಕಲ್ಲಿನ ಮೈಯನ್ನು ಕೈಯಿಂದ ಬರೆಯುತ್ತಾರೆ. ಬರೆಯಲು ಪ್ರತಿ ಗುರುತಿನ ಕಾರಣ ತಿಳಿದಿರಬೇಕು.

ಬಳ್ಳಾರಿ ಗುಡ್ಡದ ಕಪ್ಪು ಪಟ್ಟೆಗಳು ಮಳೆನೀರು ಇಳಿದ ದಾರಿ. ಕುರುಗೋಡಿನ ಗುಡ್ಡಗಳಲ್ಲಿ ಪದರ ಕಳಚಿದೆಡೆ ಕಲ್ಲು ತಿಳಿಯಾಗಿರುತ್ತದೆ. ಸಿರುಗುಪ್ಪದ ಎರೆಹೊಲ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಬಿರುಕುಗಳು ಒಂದಕ್ಕೊಂದು ಕೂಡಿ ಬಲೆಯಾಗುತ್ತವೆ.

ಈ ವಿದ್ಯೆ ಹೊಸದಲ್ಲ. ಸಂಗನಕಲ್ಲಿನ ಬಳಿಯ ಗುಡ್ಡದಲ್ಲಿ ನವಶಿಲಾಯುಗದ ಜನ ಕಪ್ಪುಬಂಡೆಯ ಮೈ ಕುಟ್ಟಿ, ಒಳಗಿನ ತಿಳಿಬಣ್ಣದಿಂದಲೇ ಗೂಳಿಗಳನ್ನು ಮೂಡಿಸಿದರು. ಆ ಗುಡ್ಡವನ್ನೂ ಕಲ್ಲುಗಣಿ ಕೊರೆದಿದೆ. ಬಂಡೆ ಜಲ್ಲಿಯಾದರೆ ನೋಡಿ ಕಲಿಯಲು ಗುರು ಎಲ್ಲಿ?